ಆನೆ ನಾಣ್ಯ ಕಪ್ಪಾದರೆ ತೊಳೆಯಬಹುದಾ?

ಸೊಮಾಲಿಯಾ ಹೆಸರಲ್ಲಿ ಬರುವ, ಆನೆ ಚಿತ್ರದ ಬೆಳ್ಳಿ ನಾಣ್ಯದ ಅಂಚು ಕಪ್ಪಾಗಿದೆ, ನಕಲಿಯಾ, ಹುಣಸೆಹುಳಿ ಹಾಕಿ ತಿಕ್ಕಲಾ ಅಂತ ಕೇಳಿದ್ದೀರಿ. ತಿಕ್ಕಬೇಡಿ ಮಾರಾಯ್ರೆ! ದೇವರ ದೀಪಕ್ಕೆ ಅದು ಸರಿ, ನಾಣ್ಯಕ್ಕಲ್ಲ. ಆನೆ ಚಿತ್ರದ ಸುತ್ತಲಿನ ನುಣುಪು ಜಾಗದಲ್ಲಿ ಸಣ್ಣ ಸಣ್ಣ ಗೀರು ಬಿದ್ದರೆ ಆಮೇಲೆ ಬರೀ ಬೆಳ್ಳಿಯ ಬೆಲೆ ಸಿಗುವುದೇ ಜಾಸ್ತಿ. ಗಾಳಿಯ ಗಂಧಕ ತಾಗಿದರೆ ಅಸಲಿ ಬೆಳ್ಳಿಯೂ ಕಪ್ಪಾಗುತ್ತದೆ, ನಮ್ಮ ಮಂಗಳೂರು, ಮಲ್ಪೆ ಕಡೆಯ ಮಳೆಗಾಲದ ತೇವಕ್ಕಂತೂ ಇನ್ನೂ ಬೇಗ. ಅನುಮಾನ ಇದ್ದರೆ ಕಾರ್‌ಸ್ಟ್ರೀಟಿನ ಯಾವುದಾದರೂ ಚಿನ್ನದಂಗಡಿಯಲ್ಲಿ ತೂಗಿಸಿ, ಒಂದು ಔನ್ಸಿನದ್ದು 31.1 ಗ್ರಾಂ ಬರಬೇಕು, ಅಯಸ್ಕಾಂತಕ್ಕೆ ಅಂಟಬಾರದು. ಮೆದು ಪಿವಿಸಿ ಕವರಿನಲ್ಲಿ ಇಟ್ಟಿದ್ದರೆ ಮೊದಲು ಹೊರಗೆ ತೆಗೆಯಿರಿ, ಹಸಿರು ಜಿಡ್ಡು ಹಿಡಿಯುವುದು ಅದರಿಂದಲೇ. ನಾಣ್ಯ ಇಡುವ ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ಸೂಲ್, ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಅಷ್ಟೇ. ಅಂದಹಾಗೆ, 2004ಕ್ಕೆ ಮೊದಲಿನ ಆನೆಗಳು ಜಾಂಬಿಯಾ ಹೆಸರಲ್ಲಿವೆ. ಅವು ಕಂಡರೆ ಬಿಡಬೇಡಿ.