ಸಹೋದ್ಯೋಗಿಗಳ ಇಂಗ್ಲಿಷ್ ತಪ್ಪು ನೋಡಿದರೆ ಮೈ ಉರಿಯುತ್ತದೆ. ತಿದ್ದಬೇಕಾ, ಸುಮ್ಮನಿರಬೇಕಾ?

ಒಬ್ಬರು ಕಳೆದುಕೊಳ್ಳುವ ‘ಲೂಸ್’ಗೆ ಎರಡು ಓ ಹಾಕುತ್ತಾರೆ, ಇನ್ನೊಬ್ಬರು ‘ಇಟ್ಸ್’ ಬಂದಲ್ಲೆಲ್ಲ ಅಪಾಸ್ಟ್ರಫಿ ಏರಿಸುತ್ತಾರೆ, ಮ್ಯಾನೇಜರ್ ಮೀಟಿಂಗ್ ‘ಪ್ರಿಪೋನ್’ ಮಾಡುತ್ತಾರೆ, ಹೇಗೆ ಹೇಳಲಿ ಅಂತ ಕೇಳಿದ್ದೀರಿ. ನಾನೂ ಹೀಗೇ ಇದ್ದೆ. ನನಗೆ ಅದರಿಂದ ಏನಾಯ್ತು ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ.

ಕಾರವಾರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಬಯೋಡೇಟಾ, ಅರ್ಜಿ, ಲೆಟರ್‌ಹೆಡ್, ಹೋಟೆಲ್ ಮೆನು, ಎಲ್ಲ ಬರುತ್ತದೆ. ಕೈಗಾದಲ್ಲೋ ನೌಕಾನೆಲೆಯಲ್ಲೋ ಕಾಂಟ್ರಾಕ್ಟ್ ಕೆಲಸಕ್ಕೆ ಅರ್ಜಿ ಹಾಕುವವರು, ಗೋವಾಕ್ಕೆ ಹೋಗುವವರು, ಗಲ್ಫಿಗೆ ಹೊರಟವರು ನನ್ನ ಗಿರಾಕಿಗಳು. ನಾನು ಓದಿದ್ದು ಮೈಸೂರಿನಲ್ಲಿ. ಊರಿಗೆ ಬಂದು ಅಂಗಡಿ ಹಾಕಿದ ಮೇಲೆ ಗಿರಾಕಿಗಳ ಇಂಗ್ಲಿಷ್ ತಿದ್ದುವುದೇ ನನ್ನ ದೊಡ್ಡ ಸೇವೆ ಅಂದುಕೊಂಡಿದ್ದೆ. ‘ಐ ಆಮ್ ಹ್ಯಾವಿಂಗ್ ಎಕ್ಸ್‌ಪೀರಿಯೆನ್ಸ್’ ಕಂಡರೆ ‘ಐ ಹ್ಯಾವ್’ ಮಾಡುತ್ತಿದ್ದೆ. ‘ರಿವರ್ಟ್ ಬ್ಯಾಕ್’ ಕಂಡರೆ ‘ಬ್ಯಾಕ್’ ಕಿತ್ತು ಹಾಕುತ್ತಿದ್ದೆ. ಯಾರನ್ನೂ ಕೇಳುತ್ತಿರಲಿಲ್ಲ. ಕೇಳುವುದೇನಿದೆ, ತಪ್ಪು ತಪ್ಪೇ ಅಲ್ವಾ?

ಒಂದು ಮಳೆಗಾಲ ಅಂಕೋಲಾ ಕಡೆಯ ಒಬ್ಬ ನರ್ಸ್ ಬಂದರು. ನಿಜವಾದ ಹೆಸರು ಬೇಡ, ಗೀತಾ ಅಂತ ಇಟ್ಟುಕೊಳ್ಳಿ. ಗಲ್ಫಿನಲ್ಲಿ ಕೆಲಸಕ್ಕೆ ಏಜೆನ್ಸಿಯವರು ಕಾಗದ ಕೇಳಿದ್ದರು. ಬಯೋಡೇಟಾ, ಕವರ್ ಲೆಟರ್, ಜೊತೆಗೆ ಅವರು ಕೆಲಸ ಮಾಡಿದ ಆಸ್ಪತ್ರೆಯ ಅನುಭವ ಪತ್ರ. ಅನುಭವ ಪತ್ರವನ್ನು ನಾನೇ ಟೈಪ್ ಮಾಡಿ ಕೊಡುವುದು, ಅಲ್ಲಿಯ ಡಾಕ್ಟರು ಸಹಿ, ಸೀಲು ಹಾಕುವುದು ಅಂತ ಮಾತಾಗಿತ್ತು. ಎಲ್ಲವನ್ನೂ ನೋಟ್‌ಬುಕ್ಕಿನ ಹಾಳೆಯಲ್ಲಿ ದುಂಡಗೆ ಬರೆದು ತಂದಿದ್ದರು. ಕವರ್ ಲೆಟರ್ ಅಂತೂ ನನ್ನ ಕೈಗೆ ಸಿಕ್ಕಿ ಪೂರ್ತಿ ಬದಲಾಯಿತು. ನನಗೆ ಬಹಳ ಖುಷಿ. ಆಮೇಲೆ ಹೆಸರು ನೋಡಿದೆ. ಜಿ, ಇ, ಇ, ಟಿ, ಎ. ಎಚ್ ಬಿಟ್ಟು ಹೋಗಿದೆ ಅನಿಸಿತು.

ಈ ಎಚ್ ಬಗ್ಗೆ ಬಿಡಿಸಿ ಹೇಳಲೇಬೇಕು. ಮೈಸೂರು ಕಡೆ ‘ತ’ಕಾರಕ್ಕೆ ಟಿ ಮತ್ತು ಎಚ್ ಎರಡನ್ನೂ ಬರೆಯುತ್ತಾರೆ. ಟಿ ಒಂದೇ ಇದ್ದರೆ ಅದು ‘ಟ’. ಹಾಗಾಗಿ ಗೀತಾ, ಸವಿತಾ, ಲತಾ ಎಲ್ಲರಿಗೂ ಅಲ್ಲಿ ಎಚ್ ಇರುತ್ತದೆ. ನನ್ನ ಕ್ಲಾಸಿನಲ್ಲಿ ಎಲ್ಲರದ್ದೂ ಹಾಗೇ ಇತ್ತು. ನಮ್ಮ ಜಿಲ್ಲೆಯ ರೂಢಿ ಬೇರೆ. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಜಿಲ್ಲೆ ಇದು, 1956ರ ತನಕ ಆ ಕಡೆಯೇ ಇತ್ತು. ಮರಾಠಿ, ಕೊಂಕಣಿಯವರು ‘ತ’ಕಾರಕ್ಕೆ ಬರೀ ಟಿ ಬರೆಯುತ್ತಾರೆ. ಇಲ್ಲಿಯ ಜನರಿಗೂ ಅದೇ ರೂಢಿ. ಲತಾ ಮಂಗೇಶ್ಕರ್ ಹೆಸರಿನಲ್ಲಿ ಎಚ್ ಇಲ್ಲ, ಜಯಲಲಿತಾ ಹೆಸರಿನಲ್ಲಿ ಇದೆ. ಕಾರವಾರ, ಗೋವಾದ ಕಾಮತರಿಗೆ ಕೊನೆಗೆ ಟಿ, ಮಂಗಳೂರು, ಉಡುಪಿಯ ಕಾಮತರಿಗೆ ಟಿ ಆದ ಮೇಲೆ ಎಚ್. ಎರಡೂ ಸರಿ. ಹುಟ್ಟಿ ಬೆಳೆದದ್ದು ಇಲ್ಲೇ ಆದರೂ ನಾನು ಇದನ್ನು ಒಂದು ದಿನವೂ ಯೋಚಿಸಿರಲಿಲ್ಲ. ಮೈಸೂರಿನಲ್ಲಿ ಕಲಿತದ್ದು ಶುದ್ಧ, ಇಲ್ಲಿಯವರು ಬರೆಯುವುದು ಕಾಗುಣಿತ ಬಾರದ್ದಕ್ಕೆ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು.

ವರ್ಡ್‌ನಲ್ಲಿ ‘ರಿಪ್ಲೇಸ್ ಆಲ್’ ಅಂತ ಒಂದು ಬಟನ್ ಇದೆ. ಒತ್ತಿದೆ. ಬಯೋಡೇಟಾ, ಕವರ್ ಲೆಟರ್, ಅನುಭವ ಪತ್ರ, ಎಲ್ಲ ಕಡೆ ಎಚ್ ಬಂತು. ಅವರು ಕೈಬರಹದಲ್ಲಿ ಹೆಸರನ್ನು ಎಲ್ಲ ಕಡೆ ಒಂದೇ ಥರ ಬರೆದಿದ್ದರು. ಅಷ್ಟು ಸಾಕಿತ್ತು, ನಾನು ಕೈ ತಡೆಯಬೇಕಿತ್ತು. ಒಂದು ಕಡೆ ಹಾಗೆ, ಒಂದು ಕಡೆ ಹೀಗೆ ಇದ್ದರೆ ಕೈತಪ್ಪು ಅನ್ನಬಹುದು. ಒಬ್ಬ ಮನುಷ್ಯ ತನ್ನ ಹೆಸರನ್ನು ಪ್ರತಿ ಸಲ ಒಂದೇ ಥರ ಬರೆದರೆ ಅದು ಅವರ ಹೆಸರು. ಪಾಸ್‌ಪೋರ್ಟಿನ ಜೆರಾಕ್ಸ್ ಕೂಡ ಅದೇ ಹಾಳೆಗಳ ಕೆಳಗೆ ಇತ್ತು, ನಾನೇ ತೆಗೆದ ಜೆರಾಕ್ಸ್. ಅದರಲ್ಲೂ ಎಚ್ ಇರಲಿಲ್ಲ. ನೋಡಲಿಲ್ಲ. ಪ್ರಿಂಟ್ ಕೊಟ್ಟಾಗ ಅವರೂ ನೋಡಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಡಾಕ್ಟರ ಸಹಿ ಆಯ್ತು, ಸೀಲು ಬಿತ್ತು, ಫೈಲು ಹೋಯ್ತು. ಪಾಸ್‌ಪೋರ್ಟಿನ ಹೆಸರಿಗೂ ಅನುಭವ ಪತ್ರದ ಹೆಸರಿಗೂ ತಾಳೆ ಇಲ್ಲ ಅಂತ ಏಜೆನ್ಸಿಯವರು ಫೈಲು ವಾಪಸ್ ಕಳಿಸಿದರು. ನಾನು ದುಡ್ಡು ತೆಗೆದುಕೊಳ್ಳದೆ ಮತ್ತೆ ಟೈಪ್ ಮಾಡಿ ಕೊಟ್ಟೆ. ಆದರೆ ಸಹಿ ಹಾಕಬೇಕಾದ ಡಾಕ್ಟರು ಆಗ ಊರಲ್ಲಿರಲಿಲ್ಲ. ಅವರು ಬರುವಷ್ಟರಲ್ಲಿ ಆ ಬ್ಯಾಚ್ ಇಂಟರ್‌ವ್ಯೂ ಮುಗಿದಿತ್ತು. ಗೀತಾ ಕೂಗಾಡಲಿಲ್ಲ. ಕೌಂಟರಿನ ಹತ್ತಿರ ನಿಂತು ಒಂದೇ ಮಾತು ಕೇಳಿದರು: “ನನ್ನ ಹೆಸರು ಬರೆಯಲಿಕ್ಕೆ ನನಗೆ ಬರುವುದಿಲ್ಲ ಅಂತ ನಿಮಗೆ ಯಾಕೆ ಅನಿಸಿತು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮನೆಯವರು ಮತ್ತೆ ನನ್ನ ಅಂಗಡಿಗೆ ಬರಲಿಲ್ಲ, ಆಸ್ಪತ್ರೆಯ ಲೆಟರ್‌ಹೆಡ್ ಕೆಲಸವೂ ಹೋಯ್ತು. ದುಡ್ಡಿನ ಲೆಕ್ಕ ಬಿಡಿ. ಆ ಕೆಲಸ ಅವರಿಗೆ ಎಷ್ಟು ಬೇಕಿತ್ತು ಅಂತ ನನಗೆ ಗೊತ್ತು, ಕವರ್ ಲೆಟರ್ ಓದಿದವನು ನಾನೇ.

ಬೇರೆ ದೇಶದಲ್ಲೂ ಒಂದಕ್ಷರ ಇಂಥ ಕೆಲಸ ಮಾಡಿದೆ. 2009ರಲ್ಲಿ ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿ, ಮುಳುಗಿದ ‘ಟೇಲರ್ ಅಂಡ್ ಸನ್’ ಬದಲು ಚೆನ್ನಾಗಿ ನಡೆಯುತ್ತಿದ್ದ ‘ಟೇಲರ್ ಅಂಡ್ ಸನ್ಸ್’ ಮುಚ್ಚುತ್ತಿದೆ ಅಂತ ದಾಖಲೆ ಮಾಡಿತು. ಒಂದು ಎಸ್ ಜಾಸ್ತಿ, ಅಷ್ಟೇ. ಸಾಲ ಕೊಡುವವರು, ಸರಕು ಕೊಡುವವರು ಹಿಂದೆ ಸರಿದರು, ಕಾರ್ಡಿಫ್‌ನ ಆ ಹಳೇ ಕಂಪನಿ ನಿಜವಾಗಿಯೂ ಮುಳುಗಿತು. ತಪ್ಪಿಗೆ ಕಚೇರಿಯೇ ಹೊಣೆ ಅಂತ 2015ರಲ್ಲಿ ಹೈಕೋರ್ಟ್ ಹೇಳಿತು. ಆ ದಾಖಲೆಯಲ್ಲಿ ವ್ಯಾಕರಣದ ತಪ್ಪು ಹುಡುಕಿದ್ದರೆ ಒಂದೂ ಸಿಗುತ್ತಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮೈ ಉರಿಯುವುದಕ್ಕೂ ತಪ್ಪು ದೊಡ್ಡದಾಗಿರುವುದಕ್ಕೂ ಸಂಬಂಧವೇ ಇಲ್ಲ. ನೀವು ಹೇಳಿದ್ದನ್ನೇ ನೋಡಿ. ‘ಪ್ರಿಪೋನ್’ ತಪ್ಪೇ ಅಲ್ಲ. ಭಾರತದ ಇಂಗ್ಲಿಷ್ ಪದ ಅಂತ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ, ಅರ್ಥ ಎಲ್ಲರಿಗೂ ಆಗುತ್ತದೆ, ಬಿಟ್ಟುಬಿಡಿ. ‘ಇಟ್ಸ್’ ವಿಷಯಕ್ಕೆ ಬಂದರೆ, ರಾಮನ, ಸೀತೆಯ ಅನ್ನಲು ಎಸ್‌ಗೆ ಮೊದಲು ಅಪಾಸ್ಟ್ರಫಿ ಹಾಕಬೇಕು ಅಂತ ಶಾಲೆಯಲ್ಲಿ ಕಲಿಸುತ್ತಾರೆ. ಅದೇ ನಿಯಮ ಹಿಡಿದು ‘ಅದರ’ ಅನ್ನಲೂ ಹಾಕಿದರೆ ತಪ್ಪು ಅನ್ನುತ್ತೇವೆ! ಪಾಪ, ಅವರು ಪಾಠ ಸರಿಯಾಗಿ ಕೇಳಿಸಿಕೊಂಡವರು. ‘ಲೂಸ್’ ಕೂಡ ಹಾಗೇ. ‘ಚೂಸ್’ ಜೊತೆ ಪ್ರಾಸ ಕೂಡುತ್ತದೆ, ಅದಕ್ಕೆ ಎರಡು ಓ ಇದೆ, ಇದಕ್ಕೆ ಒಂದೇ. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ಮೇಲೆ ಕಾಗುಣಿತ ಮೆಲ್ಲಗೆ ಗಟ್ಟಿಯಾಗುತ್ತಾ ಬಂತು, ಜನರ ಉಚ್ಚಾರ ಮಾತ್ರ ಬದಲಾಗುತ್ತಲೇ ಹೋಯ್ತು. ಷೇಕ್ಸ್‌ಪಿಯರ್‌ನ ಸಹಿ ಅಂತ ಉಳಿದಿರುವುದು 6, ಅವುಗಳಲ್ಲೇ ಕಾಗುಣಿತ ಒಂದೇ ಥರ ಇಲ್ಲ.

ತಿದ್ದಲೇಬಾರದು ಅನ್ನುತ್ತಿಲ್ಲ. ನಾನು ಈಗಲೂ ತಿದ್ದುತ್ತೇನೆ, ಕೇಳಿ ತಿದ್ದುತ್ತೇನೆ. ಹೆಸರು, ತಾರೀಕು, ಮೊತ್ತ, ಫೋನ್ ನಂಬರಿಗೆ ಕೈ ಹಾಕುವುದೇ ಇಲ್ಲ. ಪಾಸ್‌ಪೋರ್ಟೋ ಅಂಕಪಟ್ಟಿಯೋ ಗಿರಾಕಿಯ ಕೈಗೆ ಕೊಟ್ಟು ಒಂದೊಂದೇ ಅಕ್ಷರ ಜೋರಾಗಿ ಓದಿಸುತ್ತೇನೆ, ನಾನು ಪರದೆಯಲ್ಲಿ ನೋಡುತ್ತೇನೆ. ಆಮೇಲೆ ಹೆಸರನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಓದುತ್ತೇನೆ. ಮುಂದಿನಿಂದ ಓದಿದರೆ ಕಣ್ಣು ತನಗೆ ಗೊತ್ತಿರುವ ಹೆಸರನ್ನೇ ಓದಿಬಿಡುತ್ತದೆ. ಹಿಂದಿನಿಂದ ಓದುವಾಗ ಅಲ್ಲಿ ಇದ್ದದ್ದೇ ಕಾಣುತ್ತದೆ. ಕಂಪ್ಯೂಟರ್ ನಮ್ಮ ಕಡೆಯ ಹೆಸರುಗಳಿಗೆಲ್ಲ ಕೆಂಪು ಗೆರೆ ಎಳೆಯುತ್ತದೆ, ಎಳೆಯಲಿ.

ನಿಮ್ಮ ಸಹೋದ್ಯೋಗಿಗಳ ವಿಷಯ. ಗ್ರೂಪಿನಲ್ಲಿ ಎಲ್ಲರೆದುರು ಖಂಡಿತ ಹೇಳಬೇಡಿ. ನಾಳೆಯಿಂದ ಅವರು ಬರೆಯುವುದನ್ನೇ ನಿಲ್ಲಿಸುತ್ತಾರೆ, ಆಫೀಸಿಗೆ ಅದು ದೊಡ್ಡ ನಷ್ಟ. ಆ ‘ಲೂಸ್’ ಟೆಂಡರಿನಲ್ಲೋ ಗಿರಾಕಿಗೆ ಹೋಗುವ ಪತ್ರದಲ್ಲೋ ಇದ್ದರೆ, ಕಳಿಸುವ ಮೊದಲು ಪಕ್ಕಕ್ಕೆ ಹೋಗಿ ತೋರಿಸಿ. ಅದೇ ಹೊತ್ತಿಗೆ ಅದರಲ್ಲಿರುವ ಹೆಸರು, ಮೊತ್ತ ಎಲ್ಲ ಇಬ್ಬರೂ ಕೂತು ಮೂಲ ಕಾಗದದ ಜೊತೆ ತಾಳೆ ನೋಡಿ. ಗ್ರೂಪಿನ ಮೆಸೇಜುಗಳಲ್ಲಿ ಅಪಾಸ್ಟ್ರಫಿ ಎಲ್ಲಿದ್ದರೂ ಇರಲಿ.