ಗೊಬ್ಬರ ಗುಂಡಿಗೆ ಬಂಗಡೆ ತಲೆ ಹಾಕಬಹುದೇ?

ಪ್ರಶ್ನೆ: ಮೀನಿನ ತಲೆ, ಕರುಳು, ಸಿಗಡಿ ಸಿಪ್ಪೆಯನ್ನು ಟೆರೇಸಿನ ಕಾಂಪೋಸ್ಟ್ ಡ್ರಮ್ಮಿಗೆ ಹಾಕಿದೆವು. ನಾತ, ಹುಳ, ಬೆಕ್ಕಿನ ಕಾಟ. ಏನು ತಪ್ಪಾಯಿತು?
– ಕಾರವಾರದ ಓದುಗರು

ಉತ್ತರ: ಮೀನು ಒಳ್ಳೆಯ ಗೊಬ್ಬರವೇ, ಹಾಕಿದ ಜಾಗ ತಪ್ಪು. ಡ್ರಮ್ಮಿನಷ್ಟು ಸಣ್ಣ ರಾಶಿ ಸರಿಯಾಗಿ ಕಾಯುವುದಿಲ್ಲ. ಹೆಚ್ಚಾದ ಸಾರಜನಕ ಅಮೋನಿಯಾ ಆಗಿ ಏಳುತ್ತದೆ. ಅಂಗಳವಿದ್ದರೆ ತೆಂಗಿನ ಬುಡದಿಂದ ನಾಲ್ಕೈದು ಅಡಿ ದೂರದಲ್ಲಿ ಎರಡಡಿ ಆಳದ ಗುಂಡಿ ತೆಗೆಯಿರಿ. ಒಂದು ಬುಟ್ಟಿ ಮೀನಿಗೆ ಮೂರು ಬುಟ್ಟಿ ತರಗೆಲೆ ಅಥವಾ ಮರದ ಹೊಟ್ಟು ಬೆರೆಸಿ ಸುರಿದು, ಮೇಲೆ ಒಂದಡಿ ಮಣ್ಣು ಎಳೆಯಿರಿ. ನಾಯಿ ಕೆದರದಂತೆ ಚಪ್ಪಡಿ ಕಲ್ಲು ಇಡಿ. ಬಾವಿಯ ಹತ್ತಿರ ಮಾತ್ರ ಬೇಡವೇ ಬೇಡ, ಮರಳು ನೆಲದಲ್ಲಿ ಕೊಳೆತ ರಸ ನೇರ ನೀರಿಗಿಳಿಯುತ್ತದೆ. ಸಿಗಡಿ, ಏಡಿಯ ಸಿಪ್ಪೆ ಜಜ್ಜಿ ಹಾಕಿದರೆ ಕರಗುತ್ತದೆ. ಬೆಳಚಿನ ಚಿಪ್ಪು ವರ್ಷಗಟ್ಟಲೆ ಹಾಗೇ ಕೂತಿರುತ್ತದೆ.

ಪ್ರಶ್ನೆ: ಕೊಳೆರೋಗ ಬಂದು ಉದುರಿದ ಅಡಿಕೆಯನ್ನು ದರಕಿನ (ತರಗೆಲೆಯ) ಜೊತೆ ಗುಂಡಿಗೆ ಹಾಕಬಹುದೇ?
– ಶಿರಸಿಯ ಓದುಗರು

ಉತ್ತರ: ಬೇಡ. ಕೊಳೆಗೆ ಕಾರಣವಾದ ಫೈಟೊಫ್ತೊರಾ ಎಂಬ ರೋಗಾಣು ಸಾಯಬೇಕಾದರೆ ರಾಶಿಯ ಒಡಲು 55 ಡಿಗ್ರಿ ಸೆಲ್ಸಿಯಸ್ ದಾಟಿ ಕನಿಷ್ಠ 3 ದಿನ ನಿಲ್ಲಬೇಕು. ಮಗುಚಿದ ಮೇಲೆ ಅಂಚಿನದ್ದಕ್ಕೂ ಅದೇ ಕಾವು ತಾಗಬೇಕು. ಆಷಾಢದ ಮಳೆಯಲ್ಲಿ ನೀರು ಕುಡಿದ ಗುಂಡಿಗೆ ಗಾಳಿಯೇ ಆಡದು, ಕಾವೆಲ್ಲಿಂದ ಬರಬೇಕು? ಉದುರಿದ್ದನ್ನು ಹೆಕ್ಕಿ ತೋಟದಾಚೆ ಸುಡಿ. ಮಳೆಗೆ ಬೆಂಕಿ ಹತ್ತದಿದ್ದರೆ ಬಚ್ಚಲ ಒಲೆಯಿದೆಯಲ್ಲ! ರೋಗವಿಲ್ಲದ ಮರದ ಸೋಗೆ, ಹಾಳೆ, ಅಡಿಕೆ ಸಿಪ್ಪೆ ಧಾರಾಳ ಹಾಕಿ. ಸಿಪ್ಪೆ ಬಲು ನಿಧಾನ. ಸಗಣಿ ನೀರಿನಲ್ಲಿ ನೆನೆಸಿದರೆ ಬೇಗ ಮೆತ್ತಗಾಗುತ್ತದೆ.

ಪ್ರಶ್ನೆ: ನಾಯಿಯ ಹೇಲು, ಟೀ ಬ್ಯಾಗ್?
– ಅಂಕೋಲಾದ ಓದುಗರು

ಉತ್ತರ: ಮೊದಲನೆಯದರಲ್ಲಿ ಜಂತುಹುಳದ ಮೊಟ್ಟೆ ಇರುತ್ತದೆ, ತರಕಾರಿ ಮಡಿಗೆ ಹೋಗುವ ಗೊಬ್ಬರಕ್ಕೆ ಬೇಡ. ಟೀ ಬ್ಯಾಗ್ ಹರಿದು ಪುಡಿಯನ್ನಷ್ಟೇ ಹಾಕಿ. ಎಷ್ಟೋ ಬ್ಯಾಗುಗಳಲ್ಲಿ ಪ್ಲಾಸ್ಟಿಕ್ ಎಳೆಯಿದೆ.

ಪ್ರಶ್ನೆ: ಗೊಬ್ಬರ ತೆಗೆದಾಗ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ಸಿಕ್ಕವು. ಒಳ್ಳೆಯವೇ?
– ಕುಮಟಾದ ಓದುಗರು

ಉತ್ತರ: ಚಪ್ಪಟೆಯಾಗಿ, ಬೂದು ಬಣ್ಣದಲ್ಲಿ, ಸಣ್ಣಗಿದ್ದರೆ ಬಿಟ್ಟುಬಿಡಿ, ಅವು ಗುಂಡಿಯ ಕೆಲಸದಾಳುಗಳು. ನೀವು ಕಂಡದ್ದು ಅವಲ್ಲ. ದಪ್ಪ ಮೈ, ಕಂದು ತಲೆ, ಮುಟ್ಟಿದರೆ ಕೊಂಕಿಕೊಳ್ಳುವ ಹುಳುವಾದರೆ ಅದು ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿ. ನಿಮ್ಮ ತೆಂಗಿನ ಹೊಸ ಗರಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಬಿಚ್ಚಿಕೊಳ್ಳುತ್ತಿದೆಯೇ ನೋಡಿ. ಹುಳುಗಳನ್ನು ಹೆಕ್ಕಿ ಕೋಳಿಗೆ ಹಾಕಿ. ಈ ಹುಳುಗಳನ್ನು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರವನ್ನು ನೀರಿನಲ್ಲಿ ಕಲಸಿ ಹಸಿಯಾಗಿರುವ ಗೊಬ್ಬರಕ್ಕೆ ಚಿಮುಕಿಸಿ. ಒಣ ರಾಶಿಯಲ್ಲಿ ಅದು ಹಿಡಿಯದು. ಪಕ್ಕದಲ್ಲೆಲ್ಲಾದರೂ ತೆಂಗಿನ ಮರ ಬಿದ್ದು ಕೊಳೆಯುತ್ತಿದ್ದರೆ ಅದನ್ನೂ ತೆಗೆಸಿ, ದುಂಬಿ ಅಲ್ಲೂ ಮೊಟ್ಟೆಯಿಡುತ್ತದೆ.