ನಿವೇಶನದ ಅಳತೆ ನಕ್ಷೆಯಿಂದಲೇ ಪಟ್ಟಿಗೆ ಬರಲಿ

ಪ್ರಶ್ನೆ: ನಾನು ಸಣ್ಣ ಸಿವಿಲ್ ಎಂಜಿನಿಯರಿಂಗ್ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೇನೆ. 4 ಎಕರೆ 20 ಗುಂಟೆಯ ಬಡಾವಣೆ ನಕ್ಷೆಯನ್ನು ಆಟೊಕ್ಯಾಡ್ ಎಂಬ ನಕ್ಷೆ ತಂತ್ರಾಂಶದಲ್ಲಿ ಬರೆದಿದ್ದೇನೆ, 84 ನಿವೇಶನಗಳಿವೆ. ಒಂದೊಂದನ್ನೇ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಾಣುವ ವಿಸ್ತೀರ್ಣವನ್ನು ನೋಡಿಕೊಂಡು ಎಕ್ಸೆಲ್‌ನಲ್ಲಿ ಟೈಪ್ ಮಾಡುತ್ತಿದ್ದೇನೆ. ರಸ್ತೆಯ ಅಗಲ ಬದಲಾದಾಗಲೆಲ್ಲ ಮತ್ತೆ ಮೊದಲಿನಿಂದ ಶುರು. ಇದು ಮೂರನೆಯ ಸಲ. ನಕ್ಷೆಯ ಮಾಹಿತಿಯನ್ನು ಪಟ್ಟಿಯಾಗಿ ಹೊರತೆಗೆಯುವ ಡೇಟಾ ಎಕ್ಸ್‌ಟ್ರಾಕ್ಷನ್ ಮಾಡಿ ನೋಡಿದೆ. ವಿಸ್ತೀರ್ಣಗಳೆಲ್ಲ ಬಂದವು, ಆದರೆ ಯಾವುದು ಯಾವ ನಿವೇಶನದ್ದು ಎಂದು ತಿಳಿಯಲಿಲ್ಲ. ದಾರಿ ತೋರಿಸುವಿರಾ?
– ಹೆಸರು ಬೇಡವೆಂದ ಓದುಗರು, ಹಾಸನ

ಉತ್ತರ: ಮೂರನೆಯ ಸಲ ಎಂದು ಬರೆದಿದ್ದೀರಿ. ನಾಲ್ಕನೆಯ ಸಲ ಬಾರದಂತೆ ಮಾಡೋಣ.

ಮೊದಲು ತೊಡಕು ಎಲ್ಲಿದೆ ಎಂದು ನೋಡಿ. ನಿಮ್ಮ ನಕ್ಷೆಯಲ್ಲಿ ನಿವೇಶನದ ಗಡಿ ಒಂದು ಪಾಲಿಲೈನ್ (ಹಲವು ತುಂಡು ಸೇರಿ ಒಂದೇ ಆದ ಗೆರೆ), ಒಳಗೆ ಬರೆದ ಸಂಖ್ಯೆ ಒಂದು ಅಕ್ಷರದ ತುಂಡು. ನಮ್ಮ ಕಣ್ಣಿಗೆ 17 ಎಂಬ ಅಂಕಿ ಆ ಚೌಕದ ಒಳಗಿದೆ, ಆದ್ದರಿಂದ ಅದು ಆ ಚೌಕದ್ದೇ. ಆಟೊಕ್ಯಾಡ್‌ಗೆ ಅವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಅದಕ್ಕೇ ಅದು ಅಳತೆಗಳನ್ನು ಒಂದು ಕಡೆ, ಸಂಖ್ಯೆಗಳನ್ನು ಇನ್ನೊಂದು ಕಡೆ ಸುರಿದಿದೆ. ಆ ಸಂಬಂಧವನ್ನು ನಕ್ಷೆಯೊಳಗೆ ನೀವೇ ಒಮ್ಮೆ ಕಟ್ಟಿಕೊಡಬೇಕು.

ನಾನು ಮಾಡುವುದು ಹೀಗೆ. ಎರಡು ಆಟ್ರಿಬ್ಯೂಟ್ (ಮಾಹಿತಿ ತುಂಬುವ ಜಾಗ) ಇರುವ ಒಂದು ಬ್ಲಾಕ್, ಅಂದರೆ ಬೇಕಾದಲ್ಲೆಲ್ಲ ಇಡಬಹುದಾದ ಸಿದ್ಧ ಗುರುತು, ಮಾಡಿಕೊಳ್ಳುತ್ತೇನೆ: ಒಂದು ನಿವೇಶನದ ಸಂಖ್ಯೆಗೆ, ಇನ್ನೊಂದು ವಿಸ್ತೀರ್ಣಕ್ಕೆ. ಅದನ್ನು ಪ್ರತಿ ನಿವೇಶನದೊಳಗೆ ಇಟ್ಟು ಸಂಖ್ಯೆಯನ್ನು ಟೈಪ್ ಮಾಡುತ್ತೇನೆ. ವಿಸ್ತೀರ್ಣದ ಜಾಗದಲ್ಲಿ ಮಾತ್ರ ಅಂಕಿ ಬರೆಯುವುದಿಲ್ಲ. ಅಲ್ಲಿ ಫೀಲ್ಡ್ (ನಕ್ಷೆಯಿಂದ ತಾನಾಗಿ ಅಂಕಿ ತೆಗೆದುಕೊಳ್ಳುವ ಪಠ್ಯ) ಸೇರಿಸಿ, ಆಬ್ಜೆಕ್ಟ್ ಎಂಬುದನ್ನು ಆರಿಸಿ, ಆ ನಿವೇಶನದ ಗಡಿಯ ಪಾಲಿಲೈನನ್ನು ತೋರಿಸಿ, ಏರಿಯಾ ಎಂದು ಕೊಡುತ್ತೇನೆ. ನಕ್ಷೆ ಮೀಟರಿನಲ್ಲಿದ್ದರೆ ಅಷ್ಟೇ ಸಾಕು. ಮಿಲಿಮೀಟರಿನಲ್ಲಿದ್ದರೆ ಅಡಿಷನಲ್ ಫಾರ್ಮ್ಯಾಟ್‌ನಲ್ಲಿ ಕನ್ವರ್ಷನ್ ಫ್ಯಾಕ್ಟರ್ 0.000001 ಕೊಡಬೇಕು. ಅಲ್ಲಿಯೇ ಅಂಕಿಯ ಹಿಂದೆ ಚ.ಮೀ. ಎಂದು ಸೇರಿಸುವ ಅವಕಾಶವೂ ಇದೆ. ದಯವಿಟ್ಟು ಸೇರಿಸಬೇಡಿ. ಸೇರಿಸಿದರೆ ಎಕ್ಸೆಲ್ ಅದನ್ನು ಅಂಕಿಯೆಂದು ತಿಳಿಯದೆ ಅಕ್ಷರವೆಂದು ತಿಳಿಯುತ್ತದೆ, ಮೊತ್ತ ಹಾಕುವಾಗ ಯಾವ ಸೂಚನೆಯನ್ನೂ ಕೊಡದೆ ಬಿಟ್ಟುಬಿಡುತ್ತದೆ.

84 ಸಲ ಇದನ್ನು ಮಾಡುವುದು ಬೇಸರದ ಕೆಲಸ, ನಿಜ. ಆದರೆ ಒಂದೇ ಸಲ. ಇನ್ನು ರಸ್ತೆಯ ಅಗಲ ಬದಲಾದರೆ ಪಾಲಿಲೈನಿನ ತುದಿಗಳನ್ನು ಹಿಡಿದು ಎಳೆಯಿರಿ, ನಕ್ಷೆಯನ್ನು ಹೊಸದಾಗಿ ತೋರಿಸುವ ರೀಜೆನ್ ಆಜ್ಞೆ ಕೊಡಿ, ಅಳತೆ ತಾನಾಗಿ ಬದಲಾಗುತ್ತದೆ. ಹಳೆಯ ಗಡಿಯನ್ನು ಅಳಿಸಿ ಹೊಸದನ್ನು ಬರೆದರೆ ಮಾತ್ರ ಸಂಬಂಧ ಕಡಿದುಹೋಗಿ ಫೀಲ್ಡ್‌ನಲ್ಲಿ #### ಕಾಣಿಸುತ್ತದೆ. ಬ್ಲಾಕನ್ನು ಮಾತ್ರ ನಕಲು ಮಾಡಿ ಪಕ್ಕದ ನಿವೇಶನಕ್ಕೆ ಇಡುವುದು ಇದಕ್ಕಿಂತ ಅಪಾಯ, ಏಕೆಂದರೆ ಅದು ಹಳೆಯ ನಿವೇಶನದ ವಿಸ್ತೀರ್ಣವನ್ನೇ ತೋರಿಸುತ್ತಿರುತ್ತದೆ. ನೋಡುವುದಕ್ಕೆ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಇಷ್ಟಾದ ಮೇಲೆ ಡೇಟಾ ಎಕ್ಸ್‌ಟ್ರಾಕ್ಷನ್‌ನಲ್ಲಿ ಆ ಬ್ಲಾಕ್ ಒಂದನ್ನೇ ಆರಿಸಿ. ಸಂಖ್ಯೆ, ವಿಸ್ತೀರ್ಣ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ಆಯ್ಕೆಗಳನ್ನು ಡಿಎಕ್ಸ್‌ಇ ಕಡತವಾಗಿ ಉಳಿಸಿಕೊಂಡರೆ ಮುಂದಿನ ಸಲ ಅವನ್ನೆಲ್ಲ ಮತ್ತೆ ಆರಿಸಬೇಕಾಗಿಲ್ಲ. ನಿಮ್ಮಲ್ಲಿರುವ ಪೂರ್ಣ ಆಟೊಕ್ಯಾಡ್ ಬದಲು ಅದರ ಕಿರಿಯ ರೂಪವಾದ ಎಲ್‌ಟಿ ಬಳಸುವವರಿಗೆ ಈ ಸೌಲಭ್ಯವಿಲ್ಲ. ಆದರೆ 2024ರ ಆವೃತ್ತಿಯಿಂದ ಎಲ್‌ಟಿಯಲ್ಲೂ ಆಟೊಕ್ಯಾಡ್‌ನ ಪ್ರೋಗ್ರಾಂ ಭಾಷೆಯಾದ ಆಟೊಲಿಸ್ಪ್ ನಡೆಯುತ್ತದೆ, ಅದರಲ್ಲಿ ಬರೆದ ಚಿಕ್ಕ ಲಿಸ್ಪ್ ಒಂದರಿಂದ ಇದೇ ಕೆಲಸ ಮಾಡಿಸಬಹುದು. ಲಿಸ್ಪ್ ಬರೆಯುವವರು ಗಡಿಯ ಮೂಲೆಬಿಂದುಗಳಿಂದ ವಿಸ್ತೀರ್ಣವನ್ನು ಲೆಕ್ಕ ಹಾಕಬಾರದು. ತಿರುವಿನ ನಿವೇಶನಗಳಲ್ಲಿ ಗಡಿ ಬಾಗಿರುತ್ತದೆ, ಮೂಲೆಗಳನ್ನು ನೇರ ಗೆರೆಯಲ್ಲಿ ಸೇರಿಸಿದರೆ ಆ ಬಾಗು ಲೆಕ್ಕಕ್ಕೆ ಸಿಗುವುದಿಲ್ಲ. ಪಾಲಿಲೈನಿನ ಏರಿಯಾವನ್ನೇ ಕೇಳಬೇಕು.

ಎಕ್ಸೆಲ್‌ನಲ್ಲಿ ಒಂದು ಕಾಟವಿದೆ. ನಿವೇಶನದ ಸಂಖ್ಯೆ 12/1 ಎಂದಿದ್ದರೆ, ಹೀಗೆ ಹೊರತೆಗೆದ ಸಿಎಸ್‌ವಿ ಕಡತವನ್ನು (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ನೇರವಾಗಿ ತೆರೆದ ಕೂಡಲೇ ಅದು ದಿನಾಂಕವಾಗಿಬಿಡುತ್ತದೆ. ಡೇಟಾ ಮೆನುವಿನಿಂದ ಕಡತವನ್ನು ಒಳಗೆ ತಂದು, ಆ ಕಾಲಂ ಟೆಕ್ಸ್ಟ್ ಎಂದು ಮೊದಲೇ ಹೇಳಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ತಾಳೆ ನೋಡುವುದು. ಸಾಲುಗಳು 84 ಇರಬೇಕು. 85 ಇದ್ದರೆ ಎಲ್ಲೋ ಒಂದು ಬ್ಲಾಕ್ ಎರಡು ಸಲ ಕುಳಿತಿದೆ. ನಂತರ ನಿವೇಶನ, ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಎಲ್ಲವನ್ನೂ ಕೂಡಿಸಿ, ಜಮೀನಿನ ಹೊರಗಡಿಯ ವಿಸ್ತೀರ್ಣದ ಜೊತೆ ಹೋಲಿಸಿ. ಆ ಹೊರಗಡಿಯೂ ಪಹಣಿಗೆ ಹತ್ತಿರವಿರಬೇಕು: ಗುಂಟೆಗೆ 101.17 ಚದರ ಮೀಟರ್, ನಿಮ್ಮ 180 ಗುಂಟೆಗೆ ಸುಮಾರು 18,211.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ವರ್ಷಗಳ ಹಿಂದೆ ನಾನಿದ್ದ ಕಚೇರಿಯಲ್ಲಿ ನಾನೇ ಹೀಗೆ ನೋಡಿ ನೋಡಿ ಟೈಪ್ ಮಾಡಿದ್ದೆ. ಕೊನೆಯಲ್ಲಿ ಮೊತ್ತ 27 ಚದರ ಮೀಟರ್ ಹೆಚ್ಚು ಬಂತು. ರಾತ್ರಿ ಹತ್ತಾದರೂ ತಪ್ಪು ಸಿಗಲಿಲ್ಲ. ಲೆಕ್ಕ ಬರೆಯುತ್ತಿದ್ದ ಹಿರಿಯರೊಬ್ಬರು ಮರುದಿನ ಬಂದು, ‘ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡು. ಶೇಷ ಉಳಿಯದಿದ್ದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು’ ಎಂದರು. ಹಾಗೆಯೇ ಹುಡುಕಿದೆ. ಮೂಲೆ ನಿವೇಶನವೊಂದರ 136.48 ನನ್ನ ಕೈಯಲ್ಲಿ 163.48 ಆಗಿತ್ತು. ಅದು ಹಾಗೆಯೇ ಹೋಗಿದ್ದರೆ ಯಾವುದೋ ಕುಟುಂಬ ಇಲ್ಲದ 27 ಚದರ ಮೀಟರಿಗೆ ಹಣ ಕಟ್ಟುತ್ತಿತ್ತು. ಅಂದಿನಿಂದ ನಾನು ವಿಸ್ತೀರ್ಣವನ್ನು ಕೈಯಿಂದ ಟೈಪ್ ಮಾಡಿಲ್ಲ, ನನ್ನ ಬಳಿ ಕಲಿಯುವವರಿಗೂ ಬಿಟ್ಟಿಲ್ಲ.

ಒಂದು ಮಾತು ಬಾಕಿ ಇದೆ. ನಿಮ್ಮ ಪಟ್ಟಿಯಲ್ಲಿ 9×12 ಮೀಟರಿನ ನಿವೇಶನವನ್ನು ರೂಢಿಯಂತೆ 30×40 ಎಂದು ಕರೆದು 1,200 ಚದರ ಅಡಿ ಎಂದು ಬರೆಯಬೇಡಿ. 108 ಚದರ ಮೀಟರ್ ಎಂದರೆ 1,162.5 ಚದರ ಅಡಿ. ಚದರ ಅಡಿಯ ಕಾಲಂ ಬೇಕಾದರೆ ಚದರ ಮೀಟರಿನ ಕಾಲಮನ್ನು 10.764ರಿಂದ ಗುಣಿಸಿ ಸೂತ್ರದಲ್ಲೇ ತನ್ನಿ.

ಪ್ರಶ್ನೆ: ಮನೆಯ ನಕ್ಷೆಯಿಂದ ಗೋಡೆ, ಬಾಗಿಲು, ಕಿಟಕಿಗಳ ಲೆಕ್ಕವನ್ನು ಎಕ್ಸೆಲ್‌ಗೆ ತೆಗೆದರೆ ಗಿಲಾವಿನ ಅಂದಾಜಿಗೆ ಅದನ್ನೇ ಬಳಸಬಹುದೇ?
– ಗುತ್ತಿಗೆದಾರರು, ಶಿವಮೊಗ್ಗ

ಉತ್ತರ: ನೇರವಾಗಿ ಬಳಸಬೇಡಿ. ನಕ್ಷೆ ಕೊಡುವುದು ಇದ್ದ ಅಳತೆಯನ್ನು, ನಿಮಗೆ ಬೇಕಾದದ್ದು ಕಟ್ಟಡ ಕೆಲಸಗಳ ಅಳತೆಗೆ ಇರುವ ಭಾರತೀಯ ಮಾನಕ ಐಎಸ್ 1200ರ ನಿಯಮದಂತೆ ಕಳೆದ ಅಳತೆ. ಅರ್ಧ ಚದರ ಮೀಟರ್ ಮೀರದ ತೆರಪನ್ನು ಗಿಲಾವಿನಲ್ಲಿ ಕಳೆಯುವುದಿಲ್ಲ. ಅರ್ಧದಿಂದ 3ರವರೆಗಿನದನ್ನು, ಗೋಡೆಯ ಎರಡೂ ಬದಿಗೆ ಒಂದೇ ಗಿಲಾವು ಇದ್ದಾಗ, ಒಂದು ಬದಿಗೆ ಮಾತ್ರ ಕಳೆಯುತ್ತಾರೆ. 3 ಮೀರಿದರೆ ಎರಡೂ ಬದಿಗೆ ಕಳೆದು, ತೆರಪಿನ ಒಳಬದಿಗಳ ಗಿಲಾವನ್ನು ಸೇರಿಸುತ್ತಾರೆ. ಆದ್ದರಿಂದ ಬಾಗಿಲು, ಕಿಟಕಿಗಳನ್ನು ಅಗಲ, ಎತ್ತರ ಬರೆದ ಬ್ಲಾಕ್‌ಗಳಾಗಿ ಇಟ್ಟು, ಪಟ್ಟಿಗೆ ತೆಗೆದು, ಈ ನಿಯಮವನ್ನು ಎಕ್ಸೆಲ್ ಸೂತ್ರದಲ್ಲಿ ಬರೆಯಿರಿ. 0.6×0.6ರ ವೆಂಟಿಲೇಟರ್ ಕಳೆಯದೆ ಉಳಿಯಬೇಕು, 1.2×1.2ರ ಕಿಟಕಿ ಒಂದು ಬದಿಗೆ 1.44 ಕಳೆಯಬೇಕು. ಇವೆರಡು ಸರಿ ಬಂದರೆ ಉಳಿದ ತೆರಪುಗಳಿಗೂ ಅದೇ ಸೂತ್ರವನ್ನು ಇಳಿಸಿ.